ಅಪ್ಪನ ಹೆಸರಿನ ದೀಪ

ಓದಿದವನಿಗೆ ಎಲ್ಲ ಗೊತ್ತಿರುತ್ತದೆ ಎಂದು ನಮ್ಮ ಮನೆಯವರನ್ನು ನಂಬಿಸಿದವನು ನಾನೇ. ಹಾಗಾಗಿ ‘ಗೊತ್ತಿಲ್ಲ’ ಎನ್ನುವ ಸುಖ ನನಗಿಲ್ಲ. ಕಮತಗಿ ಹತ್ತಿರದ ಹಳ್ಳಿಯ ನಮ್ಮ ಕುರಿ ಕಾಯುವ ಮನೆತನದಲ್ಲಿ ಮೊದಲು ಪದವಿ ಕಂಡವನು ನಾನು. ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದೆ, ಮೂರನೆಯ ಸಲ ಎದ್ದೆ. ಈಗ ಬಾಗಲಕೋಟೆಯಲ್ಲಿ ಮಾಸ್ತರ. ಪದವಿ ಪತ್ರಕ್ಕೆ ಗಾಜು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರು ನೋಡದಿದ್ದರೆ ಕೆಮ್ಮಿ ತೋರಿಸುತ್ತೇನೆ.

ಅವ್ವನ ಒಂದು ಕಣ್ಣಿನ ಪೊರೆ ತೆಗೆಸಿಯಾಗಿತ್ತು, ಇನ್ನೊಂದು ಬಾಕಿ. ಅದು ಮುಗಿಯುವವರೆಗೆ ಅವ್ವ, ಅಪ್ಪ ನಮ್ಮಲ್ಲೇ ಇರಬೇಕು. ಅವ್ವ ಗೋಡೆ ತಡವುತ್ತ ಸ್ವಿಚ್ ಹುಡುಕುವುದನ್ನು ನೋಡಲಾರದೆ ಮಾತು ಕೇಳುವ ಡಬ್ಬಿಯೊಂದನ್ನು ತಂದು ಮನೆಯ ದೀಪಗಳಿಗೆಲ್ಲ ಜೋಡಿಸಿದೆ. ದೀಪದ ಹೆಸರು ಹಿಡಿದು ‘ಆನ್’ ಎಂದರೆ ಸಾಕು. ಗೋಡೆಯ ಸ್ವಿಚ್ ಬಂದಾದರೆ ದೀಪ ಡಬ್ಬಿಯ ಮಾತು ಕೇಳುವುದಿಲ್ಲ. ಅದಕ್ಕೆ ಸ್ವಿಚ್ಚುಗಳ ಮೇಲೆಲ್ಲ ಟೇಪು ಅಂಟಿಸಿ, ‘ಮುಟ್ಟಬಾರದು’ ಎಂದು ದುಂಡಗೆ ಬರೆದೆ.

ಪ್ರತಿ ದೀಪಕ್ಕೂ ಒಂದು ಹೆಸರು ಕೊಡು ಎಂದು ಮೊಬೈಲು ಕೇಳಿತು. ಬೇರೆಯವರಾದರೆ ‘ಹಾಲ್ ಲೈಟ್’ ಎಂದು ಬರೆದು ಸುಮ್ಮನಾಗುತ್ತಿದ್ದರು. ನಾನು ಓದಿದವನು, ಭಾವುಕ. ನನ್ನ ಬಾಳಿಗೆ ಬೆಳಕಾದವನು ಅಪ್ಪ ಎಂದು ಪಡಸಾಲೆಯ ದೀಪಕ್ಕೆ ಅಪ್ಪನ ಹೆಸರಿಟ್ಟೆ: ಬೀರಪ್ಪ.

ಮರುದಿನ ಸಂಜೆ ಏಳಕ್ಕೆ ಮನೆಗೆ ಬಂದರೆ ಪಡಸಾಲೆಯಲ್ಲಿ ಕತ್ತಲು. ದೇವರ ಮುಂದಿನ ದೀಪದ ಮಬ್ಬಿನಲ್ಲಿ ಅವ್ವ, ಅಪ್ಪ, ಹೆಂಡತಿ ಮೂವರೂ ಬಸ್ಸು ತಪ್ಪಿಸಿಕೊಂಡವರಂತೆ ಕೂತಿದ್ದರು.

“ಯಾಕ, ಲೈಟ್ ಹಚ್ಚಿಲ್ಲ?”

“ಹೆಂಗ ಹಚ್ಚೂದು?” ಎಂದಳು ಅವ್ವ. “ಗಂಡನ ಹೆಸರ ಹಿಡದ ಒದರಂತಿಯೇನು? ಲಗ್ನದಾಗ ಒಗಟ ಹಾಕಿ ಒಮ್ಮೆ ಹೇಳೇನಿ, ಅಷ್ಟ.”

ಹೆಂಡತಿಯ ಕಡೆ ನೋಡಿದೆ. “ಮಾವನ ಹೆಸರ ನಾ ಹೇಳಲೇನ್ರಿ? ಅದೂ ಆಫ್ ಅಂತ?”

ಉಳಿದವನು ಅಪ್ಪ. “ನನ್ನ ಹೆಸರ ನಾನ ಒದರಿದ್ರ ಮಂದಿ ಹುಚ್ಚ ಅಂತಾರಲೇ. ಸ್ವಿಚ್ ಒತ್ತೋಣ ಅಂದ್ರ ನೀ ಬರದಿಟ್ಟಿ, ಮುಟ್ಟಬಾರದು ಅಂತ. ಓದಿದಾಂವ ಬರದಾನಲ್ಲ ಅಂತ ಸುಮ್ಮನ ಕುಂತೇವಿ.”

ನನಗೆ ಮೊದಲೇ ಹೊಳೆಯಬೇಕಿತ್ತು. ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದಾಗ ಅವ್ವ, “ದೇವರ ಹೆಸರ ಐತ್ರಿ” ಎಂದಿದ್ದಳು. ಚೀಟಿ ಬರೆಯುವವನು ಹನಮಪ್ಪನ ಗುಡಿಯಿರುವ ತುಳಸಿಗೇರಿ ಕಡೆಯವನಿರಬೇಕು. ಹನಮಂತಪ್ಪ ಎಂದು ಬರೆದುಬಿಟ್ಟ. ಅದನ್ನು ತಿದ್ದಿಸಲು ಸಾಲಿನಲ್ಲಿ ನಿಂತವನು ನಾನೇ.

ಅವ್ವ ಆಗಲೇ ಗಂಟು ಕಟ್ಟಿಟ್ಟಿದ್ದಳು. “ನಾಳಿ ಊರಿಗೆ ಹೋಗ್ತೇನಿ. ಅಲ್ಲಿ ಲೈಟ್ ಹಚ್ಚಾಕ ಮಗನ ದಾರಿ ಕಾಯೂದಿಲ್ಲ.” ಆ ಇನ್ನೊಂದು ಕಣ್ಣು ನನ್ನ ಜಾಣತನಕ್ಕೆ ಹೋಗುವುದರಲ್ಲಿತ್ತು.

“ಹೆಸರ ಬದಲಿ ಮಾಡ್ತೇನವ್ವಾ. ಏನಿಡಲಿ, ನೀನ ಹೇಳು.”

“ನಿಂದ ಇಡು. ನಿನ್ನ ಹೆಸರ ಇಟ್ಟಾಕಿ ನಾನು, ಕರಿಯಾಕ ಯಾರ ಅಂಜಿಕಿ?”

ದೀಪ ಶಿವಾನಂದನಾಯಿತು. ಅವ್ವ ಗಂಟು ಬಿಚ್ಚಿದಳು; ಎರಡನೆಯ ಕಣ್ಣೂ ಆಯಿತು. ಹತ್ತು ವರ್ಷ ‘ಏನ್ರಿ’ ಎಂದೇ ಕರೆದ ಹೆಂಡತಿ ಎರಡು ದಿನ ನಾಚಿದಳು. ಈಗ ದಿನಕ್ಕೆ ಎಂಟು ಸಲ ನನ್ನ ಹೆಸರು ಹೇಳುತ್ತಾಳೆ. ‘ಆಫ್’ ಎನ್ನುವಾಗ ದನಿಗೆ ತುಸು ಹೆಚ್ಚೇ ಕಳೆ. ಅವ್ವ ಕೂಗಿದರಂತೂ ನಾನು ಓಡಿಬರುತ್ತೇನೆ.

“ನೀ ಯಾಕ ಬಂದಿ? ಅದನ್ನ ಕರದೇನಿ,” ಎನ್ನುತ್ತಾಳೆ ಅವ್ವ. ಆಮೇಲೆ ಗಾಜಿನೊಳಗಿನ ನನ್ನ ಪದವಿಯನ್ನೂ ಮೇಲಿನ ದೀಪವನ್ನೂ ಒಮ್ಮೆ ನೋಡಿ ಅಪ್ಪನಿಗೆ ಹೇಳುತ್ತಾಳೆ: “ಈ ಶಿವಾನಂದ ಸಾಲಿಗೆ ಹೋಗಿಲ್ಲ ನೋಡ್ರಿ, ಒಂದ ಮಾತಿಗೆ ಕೇಳ್ತಾನ.”