ಮರಳಮ್ಮನ ಸೀಟು

ನಮ್ಮ ಮನೆಯಲ್ಲಿ ‘ಬೇಡ’ ಎಂದರೆ ‘ಇನ್ನೊಂದು ಸಲ ಕೇಳಿ’ ಎಂದರ್ಥ. ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಹಲ್ಲು ಬಂದ ಹಾಗೆ ತಾನಾಗಿ ಬಂದದ್ದು. ಯಾರದಾದರೂ ಮನೆಗೆ ಹೋದಾಗ ತಟ್ಟೆ ಮುಂದೆ ಬಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ ಬೇಡ ಅನ್ನುವಾಗ ತಟ್ಟೆಯ ಕಡೆ ನೋಡಬಾರದು. ಮೂರನೆಯ ಸಲ, ‘ನೀವು ಇಷ್ಟು ಹೇಳ್ತೀರಲ್ಲ ಅಂತ’ ಎಂಬ ಮುಖ ಮಾಡಿಕೊಂಡು ತೆಗೆದುಕೊಳ್ಳಬೇಕು. ಅಮ್ಮಿ ಇದನ್ನು ತಕಲ್ಲುಫ್ ಅನ್ನುತ್ತಾರೆ, ಪಕ್ಕದ ಮನೆಯವರು ಸಂಕೋಚ ಅನ್ನುತ್ತಾರೆ. ಹೆಸರು ಯಾವುದಾದರೂ ಎರಡು ಮನೆಗಳಲ್ಲೂ ಪಾಯಸ ತಣ್ಣಗಾಗುವುದು ಒಂದೇ ಥರ. ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಈ ಏರ್ಪಾಡು ಸುಸೂತ್ರವಾಗಿ ನಡೆದುಕೊಂಡು ಬಂದಿದೆ, ಏಕೆಂದರೆ ಕೇಳುವವರಿಗೂ ಲೆಕ್ಕ ಗೊತ್ತು. ತೊಂದರೆಯಾಗುವುದು ಒಂದೇ ಸಲ ಕೇಳುವವರು ಸಿಕ್ಕಾಗ. ಹಾಸ್ಟೆಲಿನಲ್ಲಿದ್ದಾಗ ನನ್ನ ಕೋಣೆಯ ಹುಡುಗಿ ಊರಿನಿಂದ ತಂದ ಮಾವಿನಹಣ್ಣನ್ನು ಹೆಚ್ಚಿ ‘ಬೇಕಾ?’ ಎಂದಳು. ‘ಬೇಡ’ ಎಂದೆ. ‘ಸರಿ’ ಎಂದು ಅಷ್ಟನ್ನೂ ತಿಂದಳು. ಅವಳು ಓಟೆಯನ್ನು ಕಿಟಕಿಯಿಂದಾಚೆ ಎಸೆಯುವವರೆಗೂ ನಾನು ಎರಡನೆಯ ಪ್ರಶ್ನೆಗಾಗಿ ಕಾಯುತ್ತಲೇ ಇದ್ದೆ. ಮಾವಿನಹಣ್ಣನ್ನು ಮರೆಯಬಹುದು. ವಿಮಾನವನ್ನು ಮರೆಯುವುದು ಕಷ್ಟ.

ವಿಮಾನ ಎಂದರೆ ಬೆಂಗಳೂರಿನವರೆಗೆ ಹೋಗಿ ಹತ್ತುವಂಥದ್ದಲ್ಲ. ನನ್ನ ಸೋದರಮಾವ ಕೈಯಾರೆ ಕಟ್ಟಿದ್ದು. ಮಾಮು ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರು. ಒಂದು ದಿನ ತಾಳ್ಯದ ತಿಪ್ಪೇಸ್ವಾಮಿ ಎಂಬುವವರು ಟ್ರೈಲರಿಗೆ ವೆಲ್ಡಿಂಗ್ ಮಾಡಿಸಲು ಅಲ್ಲಿಗೆ ಬಂದರು. ಅವರು ವಿಮಾನ ರಿಪೇರಿಯಲ್ಲೇ ನೌಕರಿ ಮುಗಿಸಿ, ಅದರ ಜೊತೆಗೆ ಹಾರಿಸುವುದನ್ನೂ ಕಲಿತು, ಸ್ವಂತ ಊರಿಗೆ ಮರಳಿದವರು. ಟ್ರೈಲರಿನ ಮಾತು ಮುಗಿದ ಮೇಲೆ ಚೀಲದಿಂದ ನಕ್ಷೆಯ ಸುರುಳಿ ತೆಗೆದು, “ಸಾಹೇಬ್ರೆ, ಇದನ್ನ ಕಟ್ಟಾಕಾಗ್ತೈತಾ ನೋಡ್ರಿ” ಎಂದರಂತೆ. ಮಾಮು ಅದನ್ನು ನಾಲ್ಕು ದಿಕ್ಕಿನಿಂದ ನೋಡಿ, “ಎಷ್ಟು ಟನ್ ಹೊರಬೇಕು?” ಎಂದು ಕೇಳಿದರಂತೆ. “ಟನ್ ಎಲ್ಲಿ ಬಂತ್ರಿ, ಇಬ್ಬರು ಮನುಷ್ಯರು.” “ಇಷ್ಟೇನಾ!” ಎಂದು ಮಾಮು ಅಲ್ಲಿಯೇ ಒಪ್ಪಿಕೊಂಡುಬಿಟ್ಟರಂತೆ.

ಕಟ್ಟುವುದಕ್ಕೆ ವರ್ಷಗಳು ಹಿಡಿದವು. ಹಾರಿಸಲು ಅನುಮತಿಯ ಕಾಗದ ಬರುವುದಕ್ಕೆ ಅದಕ್ಕಿಂತ ಹೆಚ್ಚು. ಆದರೆ ಕೊನೆಗೊಂದು ದಿನ ಅದು ಶೆಡ್ಡಿನಲ್ಲಿ ಎರಡು ಲಾರಿಗಳ ನಡುವೆ, ಎಮ್ಮೆಗಳ ನಡುವೆ ಬೆಳ್ಳಕ್ಕಿ ನಿಂತ ಹಾಗೆ ನಿಂತಿತ್ತು. ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು, ಕೊಳವೆಗಳ ಮೈ, ಅದರ ಮೇಲೆ ಬಿಗಿದ ಬಟ್ಟೆ. ಮಾಮುವಿನ ಪೇಂಟರ್ ಯಾರನ್ನೂ ಕೇಳದೆ, ಲಾರಿಗೆ ಬರೆಯುವ ರೂಢಿಯಲ್ಲಿ, ಬಾಲದ ಮೇಲೆ ಎರಡು ತಾವರೆ ಬಿಡಿಸಿ ‘ನಿಧಾನವೇ ಪ್ರಧಾನ’ ಎಂದು ಬರೆದಿದ್ದ. ತಿಪ್ಪೇಸ್ವಾಮಿಯವರು ತಲೆ ಮೇಲೆ ಕೈಹೊತ್ತರು. “ಸಾಹೇಬ್ರೆ, ನಿಧಾನ ಆದ್ರೆ ಇದು ಬಿದ್ದೋಗ್ತೈತೆ!” ಬರಹವನ್ನು ಅಳಿಸಿದರು. ತಾವರೆಗಳು ಉಳಿದವು.

ಇದರಲ್ಲಿ ನನ್ನ ಪಾತ್ರ ಲೆಕ್ಕದ್ದು. ನಾನು ಹೊಳಲ್ಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಯಾರಾದರೂ ‘ಸುಮಾರು’ ಎಂದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಇದನ್ನು ತಿಳಿದಿದ್ದ ಮಾಮು ವಿಮಾನದ ಭಾರ ತೂಗಿ ನೋಡುವ ಕೆಲಸವನ್ನು ನನಗೆ ಕೊಟ್ಟರು. ಹಾರಿಸುವವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಮುಂದಿನದು ಖಾಲಿಯಿದ್ದರೆ ಬಾಲ ಭಾರವಾಗುತ್ತದೆ. ಮೂರು ರಾತ್ರಿ ಲೆಕ್ಕ ಹಾಕಿ, ನಾಲ್ಕನೆಯ ದಿನ ಒಂದು ರಟ್ಟಿನ ಮೇಲೆ ಬರೆದು ಮುಂದಿನ ಸೀಟಿನ ಎದುರಿಗೆ ಅಂಟಿಸಿದೆ: ‘ಈ ಸೀಟಿನಲ್ಲಿ ಐವತ್ತು ಕೆ.ಜಿ.ಗೆ ಕಡಿಮೆ ಇರಕೂಡದು.’ ‘ಕೂಡದು’ ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಆ ಎರಡನೆಯ ಗೆರೆಯ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿದೆ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮಾಮುವಿನ ವ್ಯಾನಿನಲ್ಲಿ ತಾಳ್ಯಕ್ಕೆ ಹೋಗುವುದು ರೂಢಿಯಾಯಿತು. ಊರಾಚೆ ತಿಪ್ಪೇಸ್ವಾಮಿಯವರ ಬೀಳು ಜಮೀನಿದೆ. ಕಲ್ಲು ಆರಿಸಿ, ರೋಲರ್ ಹೊಡೆಸಿ, ಅದನ್ನೇ ಓಡುದಾರಿ ಮಾಡಿಕೊಂಡು, ವಿಮಾನವನ್ನು ಲಾರಿಯಲ್ಲಿ ಅಲ್ಲಿಗೆ ಸಾಗಿಸಿಕೊಂಡಿದ್ದಾರೆ. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾವ ಕಡೆಗೆ ಮುಖ ಮಾಡಿವೆ ಎಂದು ನೋಡಿ ಏರುವ ದಿಕ್ಕು ನಿರ್ಧಾರವಾಗುತ್ತದೆ. ಬಿಸಿಲು ಬಲಿತು ಗಾಳಿ ಏಳುವುದರೊಳಗೆ ಹಾರಾಟ ಮುಗಿಯಬೇಕು. ಮೊದಲನೆಯ ಭಾನುವಾರ ತಿಪ್ಪೇಸ್ವಾಮಿಯವರು, ಆ ದಿನದ ಮಟ್ಟಿಗೆ ಶೆಡ್ಡಿನ ಕಬ್ಬಿಣವನ್ನು ಮುಂದಿನ ಸೀಟಿಗೆ ಕಟ್ಟಿಕೊಂಡು, ಒಬ್ಬರೇ ಪರೀಕ್ಷೆ ಮಾಡಿ ಇಳಿದು, ಟೋಪಿ ತೆಗೆದು, ನೇರವಾಗಿ ನನ್ನ ಬಳಿ ಬಂದರು.

“ಬರ್ತೀರೇನು ಮೇಡಂ, ಒಂದು ಸುತ್ತು ಹೋಗಾಣ?”

ಶಾಲೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತಿರುವಿನಲ್ಲಿ ಮೈ ವಾಲಿಸಿ, ಇದು ರೆಕ್ಕೆ ಎಂದುಕೊಳ್ಳುತ್ತಿದ್ದವಳು ನಾನು. ಕೋಟೆಯ ಬತೇರಿಯ ಮೇಲೆ ನಿಂತು ನನಗಿಂತ ಕೆಳಗೆ ತೇಲುವ ಹದ್ದುಗಳ ಬೆನ್ನು ನೋಡುತ್ತ, ಮನೆಗೆ ಹೋಗುವ ಹೊತ್ತನ್ನು ಮರೆತವಳು. ಎಂ.ಎಸ್ಸಿ.ಯಲ್ಲಿ ರೆಕ್ಕೆ ಏಕೆ ಮೇಲೇಳುತ್ತದೆ ಎಂಬುದನ್ನು ಪುಟಗಟ್ಟಲೆ ಬರೆದು, ಒಂದು ಸಲವೂ ಮೇಲೇಳದವಳು. ಇಷ್ಟೂ ಸೇರಿ ನನ್ನ ಬಾಯಿಂದ ಬಂದದ್ದು:

“ಬೇಡ ಸರ್, ಪರವಾಗಿಲ್ಲ.”

“ಸರಿ ಬಿಡ್ರಿ” ಎಂದು ಅವರು ತಿರುಗಿ ಹೋದರು.

ಆಮೇಲೆ ತಿಳಿಯಿತು, ಅದು ಅವರ ನಿಯಮವಂತೆ. “ಬೇಡ ಅಂದೋರನ್ನ ಎರಡನೇ ಸಲ ಕೇಳಬಾರದು ಸಾಹೇಬ್ರೆ” ಎಂದು ಮಾಮುವಿಗೆ ವಿವರಿಸುತ್ತಿದ್ದರು. “ಬಲವಂತಕ್ಕೆ ಹತ್ತಿಸ್ಕೊಂಡು, ಮೇಲೆ ಹೋದ ಮ್ಯಾಲೆ ಇಳಸ್ರಿ ಅಂದ್ರೆ ಎಲ್ಲಿ ಇಳಸಾಣ? ಇದೇನು ಹೊಸದುರ್ಗದ ಬಸ್ಸಾ?” ಮಾತು ನ್ಯಾಯವಾಗಿಯೇ ಇತ್ತು. ಅನ್ಯಾಯವೆಲ್ಲ ನನ್ನ ನಾಲಿಗೆಯದು.

ಹತ್ತುವ ಅತಿಥಿ ಇಲ್ಲದ ದಿನಗಳಲ್ಲಿ ಐವತ್ತು ಕೆ.ಜಿ. ಬೇಕಲ್ಲ. ಮಾಮು ಶೆಡ್ಡಿನಿಂದ ಶೇಂಗಾ ಹಿಂಡಿಯ ಹಳೆಯ ಗೋಣಿಚೀಲವೊಂದನ್ನು ತಂದರು, ನಾನೇ ಮರಳು ತುಂಬಿ ತೂಗಿದೆ, ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದರು. ಅಲ್ಲಿ ಕುರಿ ಕಾಯುವ ಕರಿಯಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಯಾರಪ್ಪ ಈಯಮ್ಮ? ಮೇಷ್ಟ್ರಮ್ಮ ಒಲ್ಲೆ ಅಂದದ್ದಕ್ಕೆ ಮರಳಮ್ಮನ್ನ ಕರ್ಕಂಡು ಹೊಂಟ್ರಾ?” ಎಂದಳು. ಹೆಸರು ನಿಂತಿತು. ಹಾರಾಟದ ಪುಸ್ತಕ ಬರೆಯುವವಳೂ ನಾನೇ. ಏರಿದ ಸಮಯ, ಇಳಿದ ಸಮಯ, ಮುಂದಿನ ಸೀಟಿನಲ್ಲಿ ಯಾರು. ‘ಮರಳು, ಐವತ್ತು’ ಎಂದು ಬರೆಯುತ್ತಿದ್ದೆ. ಒಂದು ವಾರ ಕೈತಪ್ಪಿ ‘ಮರಳಮ್ಮ’ ಎಂದೇ ಬರೆದುಬಿಟ್ಟೆ.

ಐವತ್ತೆರಡು ಕೆ.ಜಿ. ತೂಗುವ ಕರಿಯಜ್ಜಿಯನ್ನೂ ಒಂದು ದಿನ ಕೇಳಿದರು, ಒಂದೇ ಸಲ. “ಹೂಂ ಕಣಪ್ಪ” ಎಂದು ಆಕೆ ಕೋಲನ್ನು ನನ್ನ ಕೈಗೆ ಕೊಟ್ಟು, ಗುಡಿಗೆ ಹೋಗುವಂತೆ ಚಪ್ಪಲಿಯನ್ನು ರೆಕ್ಕೆಯ ಕೆಳಗೆ ಬಿಟ್ಟು, ಹತ್ತಿ ಕೂತಳು. ಇಳಿದ ಕೂಡಲೇ, “ಎರಡು ಕುರಿ ಹಳ್ಳದ ಕಡೆ ಹೋಗ್ಯಾವೆ. ಮ್ಯಾಲಿಂದ ಎಣಿಸಾದು ಸಲೀಸು ಬಿಡು. ಲೇ ತಿಪ್ಪೇಶಿ, ದಿನಾ ಸಂಜೆ ಒಂದು ಸಲ ಹತ್ತಿಸ್ಕೊಂಡು ಹೋಗು” ಎಂದಳು. “ನಾನೇನು ನಿನ್ನ ನಾಯಿ ಏನಬೇ, ಕುರಿ ಹುಡುಕಾಕೆ?” ಎಂದು ತಿಪ್ಪೇಸ್ವಾಮಿಯವರು ನಕ್ಕರು. ನಾನು ಆಕೆಯ ಕೋಲು ಹಿಡಿದು, ಆ ‘ಹೂಂ’ ಎಂಬ ಒಂದಕ್ಷರವನ್ನು ಯಾವ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ ಎಂದು ಯೋಚಿಸುತ್ತ ನಿಂತಿದ್ದೆ.

ವಾರಗಳು ಹೀಗೆಯೇ ಹೋದವು. ನಾನು ಬಾಯಿಬಿಟ್ಟು ಕೇಳಬಹುದಿತ್ತು ಎಂದು ನೀವು ಹೇಳುತ್ತೀರಿ. ನಮ್ಮಲ್ಲಿ ಬೇಡ ಎಂದದ್ದನ್ನು ಆಮೇಲೆ ತಾನಾಗಿ ಕೇಳುವುದೆಂದರೆ, ಊಟ ಮುಗಿದು ಕೈತೊಳೆದ ಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ತೆರೆದು ನೋಡಿದ ಹಾಗೆ. ಆದ್ದರಿಂದ ನಾನು ಮುಂದಿನ ಗಾಜು ಒರೆಸುವ ನೆಪದಲ್ಲಿ ಆಗಾಗ ಆ ಸೀಟಿನಲ್ಲಿ ಎರಡು ನಿಮಿಷ ಕೂರುತ್ತಿದ್ದೆ. ಒರೆಸಿದ್ದನ್ನೇ ಒರೆಸುತ್ತಿದ್ದೆ. ತಾಳ್ಯದಲ್ಲಿ ಅಷ್ಟು ಶುಭ್ರವಾದ ಗಾಜು ಇನ್ನೊಂದಿರಲಿಲ್ಲ. ವಿಮಾನ ಮೇಲೆದ್ದು, ಶಬ್ದ ತೆಳುವಾಗಿ, ಕೊನೆಗೆ ಕುರಿಗಳ ಕೊರಳಗಂಟೆ ಮಾತ್ರ ಕೇಳುವಾಗ ನಾನು ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದೆ. ಏರಿದ ಸಮಯ ಬರೆದಾಗಿದೆ, ಇಳಿದ ಸಮಯ ಇನ್ನೂ ಬಂದಿಲ್ಲ. ಆ ಎರಡು ಅಂಕಣಗಳ ನಡುವಿನ ಬಿಳಿ ಜಾಗವನ್ನು ನಾನು ಎಷ್ಟು ಹೊತ್ತು ನೋಡಿದ್ದೇನೆಂದರೆ, ಕಾಗದದ ನಾರುಗಳು ಕೂಡ ಪರಿಚಯವಾಗಿವೆ.

ಆ ಭಾನುವಾರ ಗಾಳಿಯಂತ್ರಗಳು ಅಲುಗಾಡದೆ ನಿಂತಿದ್ದವು. ಅಂಥ ಬೆಳಗು ಅಪರೂಪ. ಟ್ಯಾಂಕು ತುಂಬಿತ್ತು. ನಾವು ಟೀ ಕುಡಿಯುತ್ತಿದ್ದಾಗ ಕರಿಯಜ್ಜಿಯ ತಗರು, ನೆಲದ ಮೇಲಿಟ್ಟಿದ್ದ ಚೀಲದಲ್ಲಿ ಇನ್ನೂ ಉಳಿದಿದ್ದ ಹಿಂಡಿಯ ವಾಸನೆ ಹಿಡಿದು, ಮೂಲೆಯನ್ನು ಜಗಿದು, ಕೊಂಬು ತೂರಿಸಿ ಎಳೆಯಿತು. ಚೀಲ ಬಾಯಿಬಿಟ್ಟಿತು. ಮರಳಮ್ಮ ನಮ್ಮ ಕಣ್ಣೆದುರಿಗೇ ಗುಡ್ಡೆಯಾಗಿ ಹೋದಳು.

“ಅಯ್ಯೋ ನಿನ್ನ!” ಎಂದು ಕರಿಯಜ್ಜಿ ಕೋಲು ಎತ್ತಿಕೊಂಡು ಓಡಿದಳು. ಬೇರೆ ಚೀಲ ಇರಲಿಲ್ಲ. ಮಾಮು ತಾವೇ ಹತ್ತಬಹುದಿತ್ತು, ಆದರೆ ಟ್ಯಾಂಕು ತುಂಬಿದ್ದಾಗ ಅವರ ಗಾತ್ರದವರು ಕೂರಬಾರದೆಂದು ನನ್ನದೇ ಇನ್ನೊಂದು ರಟ್ಟು ಹೇಳುತ್ತಿತ್ತು. ತಿಪ್ಪೇಸ್ವಾಮಿಯವರು ಆಕಾಶ ನೋಡಿದರು, ಮರಳು ನೋಡಿದರು. “ಐವತ್ತು ಕೆ.ಜಿ. ಬೇಕಲ್ಲಪ್ಪ ಈಗ” ಎಂದು ಯಾರಿಗೂ ಅಲ್ಲದಂತೆ ಹೇಳಿದರು. ನನ್ನ ಕಡೆ ತಿರುಗಲಿಲ್ಲ; ನಿಯಮ. ನಾನು ಕೇಳಲಿ ಎಂದು ಕಾದೆ. ಅವರು ಟೋಪಿ ತೆಗೆಯತೊಡಗಿದರು. ಇನ್ನು ಆ ಬೆಳಗು ಮುಗಿಯಿತು ಎನ್ನುವಾಗ ನನ್ನ ಬಾಯಿ ನನ್ನನ್ನು ಕೇಳದೆಯೇ ಒಂದು ಮಾತು ಆಡಿತು.

“ನಲವತ್ತೆಂಟೂವರೆ.”

“ಏನು?” ಎಂದರು ಮಾಮು.

“ನಾನು.”

ನನ್ನ ತೂಕ ಅದುವರೆಗೆ ನನಗೂ ಶೆಡ್ಡಿನ ತಕ್ಕಡಿಗೂ ಮಾತ್ರ ಗೊತ್ತಿದ್ದ ವಿಷಯ. ಉಳಿದವರು ಟೀ ಕುಡಿಯಲು ಹೋದಾಗ ತೂಗಿಕೊಂಡದ್ದು. ಅಮ್ಮಿಗೂ ಹೇಳಿರಲಿಲ್ಲ. ಅದನ್ನು ಬಯಲಿನಲ್ಲಿ ನಿಂತು, ಕುರಿಗಳ ಸಮಕ್ಷಮದಲ್ಲಿ, ದಶಮಾಂಶದ ಸಮೇತ ಘೋಷಿಸಿದ್ದೆ. ತಿಪ್ಪೇಸ್ವಾಮಿಯವರು ನಿಧಾನವಾಗಿ ಬೆರಳೆತ್ತಿ ಸೀಟಿನೆದುರಿನ ರಟ್ಟನ್ನು ತೋರಿಸಿದರು. “ಒಂದೂವರೆ ಕಮ್ಮಿ ಐತೆ. ನಿಮ್ದೇ ರೂಲು ಮೇಡಂ. ಎರಡು ಗೆರೆ ಬ್ಯಾರೆ ಹೊಡೆದೀರಿ.”

“ಎರಡು ಮುದ್ದೆ ಉಂಡು ಹತ್ತು ತಾಯಿ, ಸರಿ ಹೋಗ್ತೈತೆ” ಎಂದಳು ತಗರನ್ನು ಎಳೆದುಕೊಂಡು ಬಂದ ಕರಿಯಜ್ಜಿ. ಕೊನೆಗೆ ಮಾಮು ವ್ಯಾನಿನಲ್ಲಿ ತಂದಿದ್ದ ತಕ್ಕಡಿಯಲ್ಲಿ ಒಂದೂವರೆ ಕೆ.ಜಿ. ಮರಳು ತೂಗಿ, ತಮ್ಮ ಟವೆಲ್ಲಿನಲ್ಲಿ ಕಟ್ಟಿ, ಆ ಗಂಟನ್ನು ನನ್ನ ಮಡಿಲಲ್ಲಿಟ್ಟು, ಬೆಲ್ಟಿನೊಳಗೆ ಸೇರಿಸಿ ಬಿಗಿದರು. “ಹುಷಾರು ಬೇಟಾ” ಎಂದರು. ಉಡಿ ತುಂಬಿಸಿಕೊಂಡವಳ ಹಾಗೆ ನಾನು ಕೂತೆ.

ಹಿಂದಿನಿಂದ ತಿಪ್ಪೇಸ್ವಾಮಿಯವರು ಕೂಗಿದರು: “ನಿಮ್ಮ ಮುಂದೆ ಎಂಜಿನ್ ಎಣ್ಣೆ ಬಿಸಿ ತೋರ್ಸೋ ಮುಳ್ಳೈತೆ ನೋಡ್ರಿ, ನಂಗೆ ಇಲ್ಲಿಂದ ಸರಿಯಾಗಿ ಕಾಣಲ್ಲ. ನೂರು ದಾಟಿದ್ರೆ ಹೇಳ್ರಿ. ಮರಳಮ್ಮ ಒಂದಿನಾನೂ ಹೇಳಿಲ್ಲ.”

ಇಂಥ ಮಾತನ್ನು ನನ್ನಂಥವಳಿಗೆ ಹೇಳಬಾರದು. ನಾನು ಮುಳ್ಳನ್ನು ನೋಡಿದೆ. ಗಾಲಿಗಳ ಗಡಗಡ ಥಟ್ಟನೆ ನಿಂತಾಗಲೂ ನೋಡುತ್ತಿದ್ದೆ. ಎಪ್ಪತ್ತೆಂಟು. ಎಂಬತ್ತೊಂದು. ಒಂದು ಸಲ, ಒಂದೇ ಸಲ, ತಲೆಯೆತ್ತಿದೆ. ನಮ್ಮ ನೆರಳು ಕೆಳಗೆ ಒಂದು ಬದುವನ್ನು ಸದ್ದಿಲ್ಲದೆ ದಾಟಿತು, ಇನ್ನೊಂದನ್ನು ದಾಟಿತು; ಹಣೆಗೆ ಕೈ ಅಡ್ಡ ಹಿಡಿದ ಕರಿಯಜ್ಜಿ ಬೆರಳಿನಷ್ಟಿದ್ದಳು. ಅಷ್ಟರಲ್ಲಿ ಮುಳ್ಳು ಸರಿಯಿತೇನೋ ಎಂದು ಭಯವಾಗಿ ಮತ್ತೆ ತಲೆ ತಗ್ಗಿಸಿದೆ. ಎಂಬತ್ನಾಲ್ಕು. ಹಿಂದಿನಿಂದ, “ಅಗೋ ಅಲ್ಲಿ, ಹಿರಿಯೂರು ಕಡೆ, ಮಾರಿಕಣಿವೆ ನೀರು ಹೊಳೀತೈತೆ ನೋಡ್ರೀ” ಎಂಬ ಕೂಗು ಗಾಳಿಯಲ್ಲಿ ಹರಿದು ಬಂತು. ಎಂಬತ್ತಾರು. ಹನ್ನೊಂದು ನಿಮಿಷದಲ್ಲಿ ಇಳಿದೆವು.

“ಮಾರಿಕಣಿವೆ ಕಂಡ್ತಾ?” ಎಂದರು.

“ಎಂಬತ್ತಾರು ದಾಟಲಿಲ್ಲ ಸರ್” ಎಂದೆ.

ಅವರು ಬಗ್ಗಿ ಟ್ಯಾಂಕಿನ ಮಟ್ಟ ನೋಡಿದರು. ಆಮೇಲೆ, ನಿಯಮವನ್ನು ಮುರಿಯದೆ, ಏಕೆಂದರೆ ಇದು ಹೊಸ ಪ್ರಶ್ನೆ, ಮೆಲ್ಲಗೆ ಕೇಳಿದರು: “ಪೆಟ್ರೋಲ್ ಇನ್ನೂ ಐತೆ. ಮುಳ್ಳು ಗಿಳ್ಳು ಏನೂ ಬ್ಯಾಡ, ಸುಮ್ನೆ ನೋಡಾಕೆ, ಇನ್ನೊಂದು ಸುತ್ತು ಹೋಗಾಣೇನು?”

ನನ್ನ ಎದೆಯಲ್ಲಿ ಕರಿಯಜ್ಜಿಯ ‘ಹೂಂ’ ಸಿದ್ಧವಾಗಿ ನಿಂತಿತ್ತು, ದೇವರಾಣೆಗೂ.

“ಬೇಡ ಸರ್, ಪರವಾಗಿಲ್ಲ.”

“ಸರಿ ಬಿಡ್ರಿ.”

ಅಷ್ಟು ಹೊತ್ತಿಗೆ ಕರಿಯಜ್ಜಿ ದಬ್ಬಳ ಹಿಡಿದು ಚೀಲಕ್ಕೆ ಭದ್ರವಾಗಿ ಹೊಲಿಗೆ ಹಾಕಿದ್ದಳು. ಮರಳು ತುಂಬಿ, ತೂಗಿ, ಮರಳಮ್ಮನನ್ನು ಮತ್ತೆ ಕೂರಿಸಿದರು. ಬೆಲ್ಟು ಬಿಗಿದವಳು ನಾನೇ. ಸೀಟು ಇನ್ನೂ ಬೆಚ್ಚಗಿತ್ತು.

ಈಗ ನಾನು ತಿದ್ದಿಕೊಳ್ಳುತ್ತಿದ್ದೇನೆ. ಅಮ್ಮಿ ‘ಇನ್ನೊಂದು ರೊಟ್ಟಿ?’ ಎಂದರೆ ಮೊದಲ ಸಲಕ್ಕೇ ಹೂಂ ಎನ್ನುವ ಅಭ್ಯಾಸ ನಡೆದಿದೆ. ಅಮ್ಮಿ ಮೊದಲು ಗಾಬರಿಯಾದರು, ಈಗ ಒಗ್ಗಿಕೊಂಡಿದ್ದಾರೆ. ಈ ಅಭ್ಯಾಸದ ಫಲವಾಗಿ ನನ್ನ ತೂಕ ಐವತ್ತು ಕೆ.ಜಿ. ಇನ್ನೂರು ಗ್ರಾಮಿಗೆ ಬಂದಿದೆ; ಒಮ್ಮೆ ಹೇಳಿಯಾದದ್ದರಿಂದ ಇನ್ನು ಮುಚ್ಚುಮರೆಯಿಲ್ಲ. ಲೆಕ್ಕ ಎಲ್ಲ ಸರಿಯಾಗಿದೆ, ಕೇಳುವವರು ಮಾತ್ರ ಇಲ್ಲ. ಭಾನುವಾರಗಳಲ್ಲಿ ಎಂದಿನಂತೆ ಗಾಜು ಒರೆಸುತ್ತೇನೆ, ಪುಸ್ತಕ ಬರೆಯುತ್ತೇನೆ. ನನ್ನ ಕೈಚೀಲದ ಒಳಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಒಂದು ಹಿಡಿ ಶೇಂಗಾ ಹಿಂಡಿ ಇರುತ್ತದೆ. ತಗರಿಗೆ ಅದು ಗೊತ್ತಾಗಿದೆ. ನಾನು ವ್ಯಾನಿನಿಂದ ಇಳಿದ ಕೂಡಲೇ ಹಿಂಬಾಲಿಸಿಕೊಂಡು ಬರುತ್ತದೆ. “ನಿನ್ನ ಕಂಡ್ರೆ ಅದಕ್ಕೆ ಏನೋ ಪ್ರೀತಿ ಕಣವ್ವ” ಎನ್ನುತ್ತಾಳೆ ಕರಿಯಜ್ಜಿ. ನಾನು ಕೈಚೀಲದ ಜಿಪ್ ಎಳೆದುಕೊಳ್ಳುತ್ತೇನೆ. ಮರಳಮ್ಮನನ್ನು ನೆಲದ ಮೇಲೆ ಯಾವ ಕಡೆ ಇಳಿಸುತ್ತಾರೆ ಎಂದಷ್ಟೇ ನೋಡಿಕೊಳ್ಳುತ್ತೇನೆ.