ನೀರಿನ ಪರ ನಿಂತ ನಮ್ಮ ಸರ್

ರಸಾಯನಶಾಸ್ತ್ರ ಕಲಿಸುವವರ ನಡುವೆ ನೌಕರಿ ಮಾಡಿದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಅರವತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿದ್ದೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ, ಅಂದರೆ ನಮ್ಮೆಲ್ಲರ ಸರ್‌ಗೆ, ನೀರೆಂದರೆ ಪ್ರಾಣ. ಯಾರಾದರೂ "ಬರೇ ನೀರು" ಎಂದರೆ ಸಿಟ್ಟಾಗುತ್ತಿದ್ದರು.

ತುಂಬಿದ ಗ್ಲಾಸು

ಒಂದು ದಿನ ಸರ್ ಕ್ಲಾಸಿನಲ್ಲಿ ಅಂಚಿನತನಕ ನೀರು ತುಂಬಿದ ಗ್ಲಾಸಿಗೆ ಚಿಟಿಕೆ ಚಿಟಿಕೆಯಾಗಿ ಉಪ್ಪು ಹಾಕಿದರು. ಹನಿಯೂ ಚೆಲ್ಲಲಿಲ್ಲ.

"ನೋಡ್ರಿ, ಉಪ್ಪನ್ನ ಬಿಡಿಬಿಡಿ ಮಾಡಿ ತನ್ನೊಳಗ ಜಾಗಾ ಕೊಟ್ಟದ. ಎಂಥಾ ದೊಡ್ಡ ಮನಸು!"

ಹಿಂದಿನ ಬೆಂಚಿನ ಹುಡುಗ ಎದ್ದುನಿಂತ. "ಸಪ್ತಾಪುರದಾಗ ನಮ್ಮ ರೂಮೂ ಹಂಗ ಐತ್ರಿ ಸರ್. ಎಷ್ಟ ಮಂದಿ ಬಂದು ಸೇರಿದ್ರೂ ಮಾಲಕರ ಕಣ್ಣಿಗೆ ಬೀಳೂದಿಲ್ಲ."

ಉಪ್ಪಿನಕಾಯಿ ಎಣ್ಣೆ

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ ಎಂದು ಹೇಳುವಾಗ ಮಾತ್ರ ಸರ್ ದನಿ ತಗ್ಗಿಸುತ್ತಿದ್ದರು, ಮನೆಯವರ ದೋಷ ಹೇಳಿದ ಹಾಗೆ. ಒಮ್ಮೆ ಅವರ ಗರಗದ ಖಾದಿ ಅಂಗಿಯ ಮೇಲೆ ಉಪ್ಪಿನಕಾಯಿ ಎಣ್ಣೆ ಬಿತ್ತು. ಹಟ ಹಿಡಿದು ನೀರಲ್ಲೇ ತಿಕ್ಕುತ್ತ ಕೂತರು. ಅವರ ಹೆಂಡತಿ, ನಮಗೆಲ್ಲ ವೈನಿ, ಸಾಬೂನು ತಂದು ಕೊಟ್ಟರು. ಅವರ ಬಾವಿಯದು ಗಡಸು ನೀರು. ಅದರಲ್ಲಿ ಸಾಬೂನು ನೊರೆ ಬಿಡುವುದೂ ಕಷ್ಟ, ಬೇಳೆ ಬೇಯುವುದೂ ಕಷ್ಟ.

ಅಂತೂ ನೊರೆ ಬಂದಾಗ, ನೀರು ಸೇದಿ ಕೊಡುತ್ತಿದ್ದ ನನಗೆ ಸರ್ ಹೇಳಿದರು: "ಸಾಬೂನು ಒಂದ ಕೈಲೆ ಎಣ್ಣಿ ಹಿಡೀತದ, ಇನ್ನೊಂದ ಕೈಲೆ ನೀರು."

ವೈನಿ ನಕ್ಕರು. "ಅದನ್ನ ನನಗ ಕಲಿಸಬ್ಯಾಡ್ರಿ. ನಿಮ್ಮನ್ನೂ ನಿಮ್ಮವ್ವನ್ನೂ ಹಿಡಕೊಂಡು ಇಷ್ಟ ವರ್ಷ ನಿಂತಾಕಿ ನಾನು."

ಬೀಗರ ಊಟ

ಸರ್ ಮಗಳನ್ನು ನೋಡಲು ಹಿಂದೆ ಬಂದವರು ಬೇಯದ ಬೇಳೆ ಅಗಿದು, ಈ ಮನೆಯಲ್ಲಿ ಯಾರಿಗೂ ಅಡುಗೆ ಬರುವುದಿಲ್ಲ ಎಂದು ಹೇಳಿ ಹೋಗಿದ್ದರು. ಈ ಸಲ ಹುಬ್ಬಳ್ಳಿಯವರು ಊಟಕ್ಕೇ ಬರುತ್ತೇವೆಂದರು. ಹುಡುಗ ಮಗಳ ಮನಸ್ಸಿಗೂ ಬಂದಿದ್ದ. ತಪ್ಪಿದರೆ ಹುಡುಗಿ ಕೊರಗುತ್ತಾಳೆಂದು ವೈನಿಗೆ ನಿದ್ದೆಯಿಲ್ಲ.

"ನೀರಿನ ಮ್ಯಾಲಿನ ಅಪವಾದ ನಾ ತೆಗೀತೀನಿ" ಎಂದು ಸರ್, ಆವಿಯನ್ನು ತಂಪುಮಾಡಿ ಹಿಡಿದ ಶುದ್ಧ ನೀರನ್ನು ಪ್ರಯೋಗಶಾಲೆಯಲ್ಲಿ ತಾವೇ ತಯಾರಿಸಿ ಕೊಡಗಟ್ಟಲೆ ನಮ್ಮಿಂದ ಮನೆಗೆ ಹೊರಿಸಿದರು. ಬೇಳೆ ಬೆಣ್ಣೆಯಂತೆ ಬೆಂದಿತು. ಹುಡುಗನ ತಂದೆ ಸಾರು ಮತ್ತೆ ಮತ್ತೆ ಹಾಕಿಸಿಕೊಂಡರು. ಬಡಿಸಲು ನಿಂತಿದ್ದ ನಮ್ಮ ಎದೆಯೂ ಉಬ್ಬಿತು. ಆಮೇಲೆ ಅವರು ನೀರು ಕುಡಿದರು. ಸರ್ ಕುಡಿಯುವುದಕ್ಕೂ ಅದನ್ನೇ ಇಡಿಸಿದ್ದರು!

"ಇದೇನ್ರಿ, ನೀರು ಇಷ್ಟ ಸಪ್ಪಗ?"

"ಅದರಾಗ ಏನೂ ಕರಗಿಲ್ರಿ. ಖರೇ ನೀರಿಗೆ ರುಚಿನ ಇರೂದಿಲ್ಲ" ಎಂದು ಸರ್ ಪಾಠಕ್ಕೇ ನಿಂತರು. ಬೀಗರ ಮುಖ ಬಿಗಿಯಿತು. ವೈನಿ ಕಣ್ಣು ಮುಚ್ಚಿಕೊಂಡರು. ಮಗಳು ಸುಮ್ಮನೆ ಹಿತ್ತಲಿಗೆ ಹೋಗಿ ಬಾವಿ ನೀರು ಸೇದಿ ತಂದಳು. "ಕಾಕಾ, ಇದನ್ನ ಕುಡೀರಿ. ಇದರಾಗ ನಮ್ಮ ಊರಿನ ಕಲ್ಲು ಮಣ್ಣು ಎಲ್ಲಾ ಕರಗ್ಯದ."

ಅವರು ಗಟಗಟ ಕುಡಿದು ಗ್ಲಾಸು ಕೆಳಗಿಟ್ಟರು. "ಹುಡುಗಿ ನಮಗ ಪಸಂದ್. ಏನೂ ಕೊಡಬ್ಯಾಡ್ರಿ. ಆದ್ರ ಒಂದ ಶರತ್ತು."

ಅವರು ಮೀಸೆಯ ಹನಿ ಒರೆಸಿಕೊಂಡರು.

"ಲಗ್ನದ ಅಡಿಗಿ ಮಾಸ್ತರ ನೀರಾಗ ಆಗಲಿ. ಕುಡಿಯಾಕ ಮಾತ್ರ ಬಾವಿ ನೀರು."

ಆ ಎರಡಕ್ಕೂ ಇರುವ ವ್ಯತ್ಯಾಸ ವಿವರಿಸಲು ಸರ್ ಮತ್ತೆ ಬಾಯಿ ತೆರೆದರು. ಬಾಯಿ ಸಿಹಿ ಮಾಡುವ ನೆವದಲ್ಲಿ ವೈನಿ ಅದರೊಳಗೆ ಇಡೀ ಒಂದು ಪೇಡೆ ತುರುಕಿದರು.