ಎಷ್ಟು ನಾಯಿ ಅಂತ ನನ್ನ ಯಾರು ಕೇಳಿದ್ರು?

ಒಂದು ಮನಿಯೊಳಗ ಎಷ್ಟು ನಾಯಿ ಇರಬೇಕು ಅನ್ನೂದನ್ನ ಆ ಮನಿ ಹೆಂಗಸು ನಿರ್ಧಾರ ಮಾಡ್ತಾಳ ಅಂತ ಯಾರರೆ ನಿಮಗ ಹೇಳಿದ್ರ, ಅವರಿಗೆ ಇನ್ನೂ ಲಗ್ನ ಆಗಿಲ್ಲ ಅಂತ ತಿಳೀರಿ. ನಮ್ಮ ಮನಿಯೊಳಗ ಈ ಮಾತನ್ನ ನನ್ನೊಬ್ಬಾಕಿನ್ನ ಬಿಟ್ಟು ಎಲ್ಲಾರೂ ನಿರ್ಧಾರ ಮಾಡ್ಯಾರ. ಗಂಡ ಮಾಡ್ಯಾರ, ಅತ್ತಿ ಮಾಡ್ಯಾರ, ಬಾಜೂ ಖೋಲಿಯವರು ಮಾಡ್ಯಾರ, ಕಡೀಕ ಚಾಳಿನ ಮಾಲಕನೂ ಮಾಡ್ಯಾನ. ನಾಯಿಗೋಳು ತಾವ ಮಾಡಿದ್ದಂತೂ ಬ್ಯಾರೆನ ಐತಿ.

ಎಪ್ಪತ್ತನೇ ಇಸವಿ ಆಸುಪಾಸಿನ ಮಾತಿದು. ಮುಂಬಯಿ ಜೋಗೇಶ್ವರಿಯೊಳಗ ಒಂದು ಚಾಳಿನ್ಯಾಗ, ಅಂದ್ರ ಸಾಲು ಮನಿ ವಠಾರದಾಗ, ನಮ್ಮದೊಂದು ಖೋಲಿ. ಮನಿ ಅಂದ್ರ ವಿಜಾಪುರ ಕಡಿ ಮಂದಿ ಪಡಸಾಲಿ ಎಲ್ಲೈತಿ, ಹಿತ್ತಲಾ ಎಲ್ಲೈತಿ ಅಂತ ಕೇಳ್ತಾರ, ಅದಕ್ಕ ಖೋಲಿ ಅಂತೀನಿ. ಒಂದು ಮಂಚ, ಒಂದು ಸ್ಟೋವು, ಮೂಲ್ಯಾಗ ಪಡದಾ ಕಟ್ಟಿದ ಒಂದು ಮೋರಿ. ಜಳಕ, ಮುಸುರಿ, ಅರಬಿ ಒಗಿಯೂದು ಎಲ್ಲಾ ಆ ಮೋರಿಯೊಳಗನ. ನಾನು ಮುನಸಿಪಾಲ್ಟಿ ಕನ್ನಡ ಸಾಲಿಯೊಳಗ ಟೀಚರ್, ನಮ್ಮನಿಯವರು ಕಾರಖಾನಿಯೊಳಗ ಫಿಟ್ಟರ್. ಮುಂಬಯಿಯೊಳಗ ಹೊಟ್ಟಿಗೆ ರೊಟ್ಟಿ ಸಿಗತೈತಿ, ಇರಾಕ ಖೋಲಿ ಸಿಗೂದಿಲ್ಲ. ನಮಗ ಸಿಕ್ಕಿತ್ತು. ಅದ ಮಾಲಕನ ಹೊಟ್ಟಿಶೂಲಿ. ನಮ್ಮನ್ನ ಹೊರಗ ಹಾಕಿ ಹೊಸಬರನ್ನ ತಂದ್ರ ಅವನ ಕೈ ತುಂಬತಿತ್ತು, ಹಂಗಾಗಿ ಒಂದು ನೆವ ಹುಡುಕಾಕತ್ತಿದ್ದ. ಆ ನೆವಕ್ಕ ನಾಲ್ಕು ಕಾಲು, ಒಂದು ಬಾಲ ಹಚ್ಚಿ ಕೊಟ್ಟವರು ನಮ್ಮನಿಯವರು.

ಬೆನ್ನು ಹತ್ತಿದ್ದು

ಇವರಿಗೆ ಡ್ಯೂಟಿ ಮುಗಿಸಿ ಸ್ಟೇಶನ್‌ನ್ಯಾಗ ಇಳಿದು ಬೇಕರಿಯಾಗ ಒಂದು ಪಾವು ತಗೊಂಡು ತಿನಕೋತ ಬರೂ ಚಟ. ಒಂದಿನ ಬಾಗಲಾ ತಗದ್ರ ಇವರು ನಿಂತಿದ್ರು, ಇವರ ಹಿಂದ ಒಂದು ಕಂದು ನಾಯಿ ನಿಂತಿತ್ತು. ಇಬ್ಬರ ಮಾರಿ ಮ್ಯಾಲೂ ಒಂದ ನಮೂನಿ ಅಪರಾಧ.

"ಇದೇನು?" ಅಂದೆ.

"ಏನಿಲ್ಲ, ಹಿಂದ ಬಂತು," ಅಂದ್ರು.

"ಲೋಕಲ್‌ನ್ಯಾಗ ನಿಮ್ಮ ಹಿಂದ ನೂರು ಮಂದಿ ಇಳೀತಾರ. ಅವರನ್ನೂ ಕರಕೊಂಡು ಬರ್ರಿ, ಚಾ ಮಾಡ್ತೀನಿ."

"ಅಲ್ಲಾ, ನಾ ಎಲ್ಲಿ ಸಾಕೀನಿ? ಅದ ನನ್ನ ಸಾಕೇತಿ," ಅಂತ ಇವರು ಅದರ ತಲಿ ಸವರಿದ್ರು. ಲಗ್ನಾಗಿ ಮೂರು ವರ್ಷದಾಗ ನನ್ನ ತಲಿ ಮ್ಯಾಲ ಹಂಗ ಕೈ ಆಡಿಸಿದ್ದು ನನಗ ನೆನಪಿಲ್ಲ. ಇವರ ಕೈಯಾಗಿನ ಪಾವು ತಿಂದು ಬೆನ್ನು ಹತ್ತಿ ಬಂದದ್ದಕ್ಕ ಅದರ ಹೆಸರು ಪಾವ್ಯಾ ಅಂತ ಆತು.

ನಾನೂ ಟೀಚರ್, ಸುಮ್ಮನ ಬಿಡ್ತೀನೇನು? ಕರಾರು ಮಾಡಿದೆ. "ಒಂದು ಅಂದ್ರ ಒಂದು. ಅದೂ ಹೊಸ್ತಲದ ಹೊರಗ ಮಲಗಬೇಕು."

ಪಾವ್ಯಾ ಕರಾರು ಪೂರಾ ತಿಳಕೊಂಡಿತ್ತು. ಮೊದಲು ಮೂತಿ ಅಷ್ಟ ಒಳಗ ಇಟ್ಟು ಮೈಯೆಲ್ಲಾ ಬಾಗಲಾ ಮುಂದಿನ ಗ್ಯಾಲರಿಯೊಳಗ ಇಡತಿತ್ತು. ಆಮ್ಯಾಲ ಮೈಯೆಲ್ಲಾ ಒಳಗ, ಬಾಲ ಅಷ್ಟ ಹೊರಗ. ಮಳಿಗಾಲ ಹತ್ತಿದ ಮ್ಯಾಲ, ಪಾಪ ಬಾಲ ಒಂದ ಯಾಕ ತೋಯಬೇಕು ಅಂತ ಇವರಿಗೆ ಕಣ್ಣಾಗ ನೀರು ಬಂತು.

ಊರಿಂದ ಯಾರರೆ ಬಂದ್ರ ನಮ್ಮದು ಒಂದು ವ್ಯವಸ್ಥಾ ಇತ್ತು. ಬಂದವರು ಮಂಚದ ಮ್ಯಾಲ, ನಾನು ಸ್ಟೋವಿನ ಬಾಜೂಕ, ಇವರು ಮಂಚದ ಕೆಳಗ. ಆ ಸಲ ನಮ್ಮ ಕಾಕಾ ಬಂದಿದ್ದ. ಮಲಗೂ ಹೊತ್ತಿಗೆ ಇವರು ಬಗ್ಗಿ ನೋಡ್ತಾರ, ಮಂಚದ ಕೆಳಗ ಪಾವ್ಯಾ ಕಾಲು ಚಾಚಿ ಮಲಗೇತಿ.

"ಪಾವ್ಯಾ, ಸ್ವಲ್ಪ ಸರಿಯಪಾ," ಅಂದ್ರು.

ಅದು ಗುರ್ ಅಂತು. ಇವರು ಹಾಸಿಗಿ ಸುತ್ತಿಕೊಂಡು ಗ್ಯಾಲರಿಗೆ ಹೋದ್ರು.

ಕಾಕಾ ಗಾಬರ್ಯಾಗಿ, "ಯಾಕವಾ, ಅಳಿಯಂದ್ರು ಸಿಟ್ಟಾದ್ರೇನು?" ಅಂತ ಕೇಳಿದ.

"ಇಲ್ಲ ಕಾಕಾ," ಅಂದೆ, "ಒಬ್ಬರು ಹೊಸ್ತಲದ ಹೊರಗ ಮಲಗಬೇಕಂತ ಕರಾರಾಗೇತಿ. ಇಬ್ಬರೊಳಗ ಯಾರರೆ ಪಾಲಸಬೇಕಲ್ಲ."

ರವಿವಾರ ಬಂದದ್ದು

ಕಣ್ಣಿಗೆ ಔಷಧ ಹಾಕಿಸಿಕೊಂಡು ಹದಿನೈದು ದಿನಕ್ಕ ಹೋಗ್ತೀನಿ ಅಂತ ಅತ್ತಿಯವರು ಬಂದ್ರು. ಎಷ್ಟು ಹದಿನೈದು ದಿನ ಅಂತ ಅವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಹೊಸ್ತಲ ದಾಟೂದ ತಡ, "ಅಯ್ಯ ನಮ್ಮವ್ವ! ಮನಿಯೊಳಗ ನಾಯಿ! ಇದೇನು ಮನಿಯೋ ತಿಪ್ಪಿಯೋ?" ಅಂದ್ರು. ನನಗ ಎಷ್ಟು ಆನಂದಾತಂದ್ರ, ಅವರ ಕಾಲಿಗೆ ಎರಡೆರಡು ಸಲ ಬಿದ್ದೆ. ಲಗ್ನಾದಾಗಿಂದ ಮೊದಲನೇ ಸಲ ಅತ್ತಿ ಸೊಸಿ ಒಂದ ಪಕ್ಷ. ಆ ಸುಖ ರವಿವಾರದ ತನಕ ಇತ್ತು.

ನಮ್ಮ ಮನಿದೇವರು ಮೈಲಾರಲಿಂಗ. ನಾಯಿ ಅಂದ್ರ ಆ ದೇವರಿಗೆ ಭಾಳ ಸೇರತೈತಿ. ರವಿವಾರ ಅತ್ತಿಯವರು ದೇವರ ಫೋಟೋಕ್ಕ ಭಂಡಾರ, ಅಂದ್ರ ಅರಿಷಿಣ, ಹಚ್ಚಿದ್ರು. ರೊಟ್ಟಿ, ಬದನಿಕಾಯಿ ಪಲ್ಯ, ಉಳ್ಳಾಗಡ್ಡಿ ನೈವೇದ್ಯ ಇಟ್ಟು "ಏಳುಕೋಟಿ ಏಳುಕೋಟಿಗೋ!" ಅಂತ ಕೂಗಿದ್ರು. ಚಾಳಿಗೆ ಚಾಳ ನಡುಗಿತು. ಹೊಳ್ಳಿ ನೋಡಿದ್ರ ಬಾಗಲದಾಗ ಒಂದು ಕರಿ ನಾಯಿ ಬಂದು ಕುಂತೈತಿ. ನೈವೇದ್ಯದ ಕಡಿ ಹೊರಳಿಲ್ಲ, ಬೊಗಳಿಲ್ಲ, ಫೋಟೋ ನೋಡಿಕೋತ ಕುಂತೈತಿ.

"ನೋಡವಾ! ಮೈಲಾರಲಿಂಗ ತನ್ನ ನಾಯಿ ಕಳಿಸ್ಯಾನ!" ಅಂದ್ರು ಅತ್ತಿ.

"ಅತ್ತಿ, ಇದು ಸ್ಟೇಶನ್ ಹಂತೇಕ ಮಟನ್ ಅಂಗಡಿ ಮುಂದ ಬಿದ್ದಿರತೈತಿ. ದಿನಾ ನೋಡ್ತೀನಿ."

"ಇರಲಿ. ದೇವರ ನಾಯಿ ಆದ್ರೂ ಮುಂಬಯಿಯೊಳಗ ಎಲ್ಲರೆ ಇಳಕೋಬೇಕಲ್ಲ. ಅದಕ್ಕೇನು ಖೋಲಿ ಸಿಕ್ಕೈತೇನು?"

"ರೊಟ್ಟಿ ಕಡಿ ನೋಡಲಾರದ್ದು ಭಕ್ತಿಯಿಂದ ಅಲ್ಲ ಅತ್ತಿ. ಅಲ್ಲೇ ಹೊಟ್ಟಿ ತುಂಬಿಸಿಕೊಂಡು ಬಂದೈತಿ."

ಕೇಳೂವಷ್ಟು ಪುರಸತ್ತು ಅವರಿಗೆಲ್ಲಿ? ಅಷ್ಟೊತ್ತಿಗೆ ಅದರ ಹಣಿಗೆ ಭಂಡಾರ ಬಿದ್ದಾಗಿತ್ತು, ಮೈಲಾರಿ ಅಂತ ಹೆಸರೂ ಬಿದ್ದಾಗಿತ್ತು. ಅತ್ತಿಯವರು ಒಂದು ಕಾಯಿದೇನೂ ಹೇಳಿದ್ರು: ರವಿವಾರ ನೈವೇದ್ಯದ ಹೊತ್ತಿಗೆ ಬಂದ ನಾಯೀನ ಹೊರಗ ಹಾಕಬಾರದು. ಉಳಿದ ದಿವಸದ ನಾಯೀನ ಬೇಕಾದ್ರ ಹಾಕು.

ಮುಂದಿನ ರವಿವಾರ ನೈವೇದ್ಯದ ಹೊತ್ತಿಗೆ ನಾನು ಬಾಗಲಾ ಹಾಕಿ ಚಿಲಕಾ ಏರಿಸಿದೆ. ಚಾಳಿನ್ಯಾಗ ಹಾಡಾ ಹಗಲ ಬಾಗಲಾ ಹಾಕಿದ್ರ ಅದರ ಅರ್ಥ ಎರಡ. ಯಾರರೆ ಸತ್ತಿರಬೇಕು, ಇಲ್ಲಾಂದ್ರ ಗಂಡಾ ಹೆಂಡ್ತಿ ಬಡದಾಡಾಕತ್ತಿರಬೇಕು. ಎರಡೂ ನೋಡೂವಂಥಾದ್ದ. ಗ್ಯಾಲರಿ ತುಂಬ ಮಂದಿ ಕೂಡಿ ಬಾಗಲಾ ಬಡದ್ರು. "ಕಾಯ ಝಾಲಂ ಬಾಯಿ? ಏನಾತು?"

ತಲಿ ಕೆಟ್ಟು ಹೋಗಿತ್ತು ನನಗ. "ಏನಿಲ್ಲ, ದೇವರು ಒಳಗ ಬರಬಾರದಂತ ಬಾಗಲಾ ಹಾಕೀನಿ," ಅಂದೆ.

ಆವತ್ತಿನಿಂದ ಚಾಳಿನ್ಯಾಗ ಎಲ್ಲಾರೂ ನನ್ನ ಅತ್ತಿ ಕಡಿ ನೋಡಿ "ಪಾಪ" ಅನ್ನಾಕ ಹತ್ತಿದ್ರು.

ನಾಕು ದಿನಕ್ಕಂತ ಬಿಟ್ಟದ್ದು

ಬಾಜೂ ಖೋಲಿಯೊಳಗ ಉಡುಪಿ ಕಡಿಯವನೊಬ್ಬ ಇದ್ದ, ದಾದರದಾಗ ಹೋಟೆಲಿನ ಅಡಗಿಯವ. ಅವನದೊಂದು ನಾಯಿ, ಹೆಸರು ಟೈಗರ್. ಕಾಗಿ ಕೂಗಿದ್ರ ಓಡಿ ಹೋಗಿ ಬಕೀಟಿನ ಹಿಂದ ಅಡಗತಿತ್ತು. ತಂಗಿ ಮದವಿಗಂತ ಊರಿಗೆ ಹೊಂಟವ ಅದರ ಹಗ್ಗ ಹಿಡಕೊಂಡು ನಮ್ಮ ಬಾಗಲಿಗೆ ಬಂದ.

"ನಾಲ್ಕೇ ದಿನ ಟೀಚರ್. ನಿಮ್ಮಲ್ಲಿ ಹೇಗೂ ಎರಡು ಉಂಟಲ್ಲ, ಮೂರನೆಯದು ಗೊತ್ತೇ ಆಗ್ಲಿಕ್ಕಿಲ್ಲ ಮಾರಾಯ್ರೆ!"

"ಗೊತ್ತಾಗೂದಿಲ್ಲಾಂದ್ರ ನಮ್ಮವೂ ಎರಡು ತಗೊಂಡು ಹೋಗ್ರಿ. ಮದವಿ ಮನಿ ಗದ್ದಲದಾಗ ಯಾರಿಗೆ ಗೊತ್ತಾಗತೈತಿ?"

ಅವ ಹೋ ಅಂತ ನಕ್ಕ. ನಮ್ಮ ಮಾತಿಗೆ ಕರಾವಳಿ ಮಂದಿ ನಗೂದು ನೋಡಿದ್ರ, ಸಿಟ್ಟು ಯಾವುದು, ಚಾಷ್ಟಿ ಯಾವುದು ಅಂತ ಅವರಿಗೆ ಯಾರೂ ಕಲಿಸಿಲ್ಲ ಅನಸತೈತಿ. ನಗಕೋತನ ಹಗ್ಗ ನನ್ನ ಕೈಯಾಗ ಇಟ್ಟು ಹೋದ. ನಾಕು ದಿನ ಅಂದವ ಒಂದು ತಿಂಗಳಿಗೆ ಬಂದ, ಹಲಸಿನ ಹಪ್ಪಳ ತಂದುಕೊಟ್ಟ, ಟೈಗರಿನ್ನ ಕರಕೊಂಡು ಹೋದ. ಟೈಗರ್ ಅವನ ಖೋಲಿಯೊಳಗ ಮೀನು ತಿಂದು, ಬಾಯಿ ಒರಿಸಿಕೊಂಡು, ಹೊಳ್ಳಿ ನಮ್ಮ ಮಂಚದ ಕೆಳಗ ಬಂದು ಪಾವ್ಯಾನ ಬಾಜೂಕ ಮಲಗಿತು. ಮರುದಿನಾನೂ ಹಂಗ. ಅದರ ಮರುದಿನಾನೂ ಹಂಗ.

"ಏನ್ರೀ, ನಿಮ್ಮ ನಾಯಿ ನೀವು ಇಟಗೋರಿ," ಅಂದೆ.

"ನಾನು ಎಂತ ಮಾಡುದು ಟೀಚರ್? ಅದಕ್ಕೆ ನಿಮ್ಮ ಮನೆಯೇ ಹಿಡಿಸಿದೆ. ಊಟ ಎಲ್ಲ ನಾನು ಹಾಕ್ತೇನೆ, ನೀವು ಮಲಗ್ಲಿಕ್ಕೆ ಮಾತ್ರ ಜಾಗ ಕೊಡಿ, ಆಯ್ತಾ?"

ನಮ್ಮ ಮನೀಗೆ ಇಷ್ಟು ವರ್ಷದಾಗ ಎಷ್ಟೋ ಬೀಗರು ಬಂದು ಉಳದು ಹೋಗ್ಯಾರ. ಹೊರಗ ಊಟಾ ಮುಗಿಸಿ ಬಂದಾವ ಅಂದ್ರ ಟೈಗರ್ ಒಂದ.

ಮಾಲಕ ಎಣಿಸಾಕ ಬಂದದ್ದು

ಯಾರೋ ಪುಣ್ಯಾತ್ಮರು ಹೋಗಿ ಮಾಲಕನ ಕಿವಿ ಊದಿದ್ರು. ಅವ ಹೇಳಿ ಕಳಿಸಿದ: "ಖೋಲಿಗೆ ಒಂದ ನಾಯಿ. ರವಿವಾರ ಬಂದು ಎಣಿಸ್ತೀನಿ. ಒಂದು ಹೆಚ್ಚಾದ್ರೂ ಖೋಲಿ ಖಾಲಿ ಮಾಡ್ರಿ."

ನನಗ ಆಗ ಐದು ತಿಂಗಳು. ಚೊಚ್ಚಲ. ಖೋಲಿ ಹೋದ್ರ ಈ ಹೊಟ್ಟಿ ತಗೊಂಡು ಎಲ್ಲಿ ಹೋಗೂದು ಅಂತ ಖರೇನ ಹೆದರಿಕೊಂಡಿದ್ದೆ. ಸಾಲಿಯೊಳಗ ಮಗ್ಗಿ ಹೇಳಿಸೂವಾಗೂ ಕಣ್ಣು ತುಂಬಿ ಬರತಿದ್ವು. ಇವರು ಮಾತ್ರ ಆರಾಮ. "ಎರಡು ಮುಚ್ಚಿಡೂಣು. ಮೈಲಾರಿ ಮೋರಿಯೊಳಗ, ಟೈಗರ್ ಮಂಚದ ಕೆಳಗ ಟ್ರಂಕಿನ ಹಿಂದ."

"ದೇವರ ನಾಯೀನ ಮೋರಿಯೊಳಗ ಇಡ್ತೀಯೇನೋ ಮೂಳಾ? ನಿನ್ನ ಬಾಯಾಗ ಮಣ್ಣ ಹಾಕಲಿ!" ಅಂತ ಅತ್ತಿಯವರು ಎದ್ರು.

ನಾನು ಅವರ ಕೈ ಹಿಡಕೊಂಡೆ. "ಅತ್ತಿ, ಒಂದ ತಾಸು. ಸುಮ್ಮನ ಇದ್ದುಬಿಡ್ರಿ. ಖೋಲಿ ಹೋದ್ರ ನಿಮ್ಮ ಮೊಮ್ಮಗ ಫುಟಪಾತಿನ್ಯಾಗ ಹುಟ್ಟತಾನ."

ಅವರ ಮನಸು ಕರಗಿತು. "ಆತವಾ, ನಾ ಅವನ ಕೂಡ ಒಂದು ಮಾತೂ ಆಡಂಗಿಲ್ಲ. ನಂದು ನೈವೇದ್ಯ ಅಷ್ಟ ನಾ ಮಾಡ್ತೀನಿ," ಅಂದ್ರು.

ರವಿವಾರ ಮಧ್ಯಾಹ್ನ ಮಾಲಕ ಬಂದ. ಕರಿ ಟೊಪಗಿ, ಬಗಲಾಗ ಛತ್ರಿ. "ಕುತ್ರೆ ಕಿತಿ?" ಅಂದ. ನಾಯಿ ಎಷ್ಟು?

"ಏಕಚ," ಒಂದ ಅಂತ ಪಾವ್ಯಾನ್ನ ತೋರಿಸಿದೆ. ಪಾವ್ಯಾ ಆವತ್ತು ತಾನೊಬ್ಬನ ಮಗ ಅನ್ನೂವಂಗ ಕುಂತಿತ್ತು. ಮಾಲಕ ಅತ್ಲಾಗ ಇತ್ಲಾಗ ನೋಡಿದ, ಮೂಗು ಏರಿಸಿದ, ಏನೂ ಸಿಗಲಿಲ್ಲ. ಹೊಸ್ತಲದ ಹೊರಗ ಒಂದು ಕಾಲು ಇಟ್ಟ. ನಾನು ಮನಸಿನ್ಯಾಗ ಮೈಲಾರಲಿಂಗಗ ಕೈ ಮುಗದೆ.

ಹಿಂದಿಂದ ಅತ್ತಿಯವರೂ ಅದನ್ನ ಮಾಡಿದ್ರು. ಆದ್ರ ಅವರದು ಮನಸಿನ್ಯಾಗ ಮಾಡೂ ಪದ್ಧತಿ ಅಲ್ಲ. "ಏಳುಕೋಟಿ ಏಳುಕೋಟಿಗೋ!"

ನಮ್ಮ ನಾಯಿಗೋಳಿಗೆ ಅದು ಊಟದ ಗಂಟಿ. ಮೋರಿ ಪಡದಾ ಹರಕೊಂಡು ಮೈಲಾರಿ ಬಂತು. ಟ್ರಂಕು ಧಡಲ್ ಅಂತ ಕೆಡವಿ ಟೈಗರ್ ಬಂತು. ಮೂರೂ ದೇವರ ಮುಂದ ಸಾಲು ಹಿಡದು ಕುಂತ್ವು. ಮುಂಜಾನೆ ಅತ್ತಿಯವರು ಹಚ್ಚಿದ ಭಂಡಾರ ಮೂರರ ಹಣಿ ಮ್ಯಾಲೂ ಹಳದಿ ಮಿಂಚಾಕತ್ತಿತ್ತು. ಹೋತು ಖೋಲಿ. ಮಂಚದ ಕಾಲು ಹಿಡಕೊಂಡು ನೆಲಕ್ಕ ಕುಂತೆ.

ಮಾಲಕ ಬಾಯಿ ತಗದ. ನಾನು ಬೈಗಳಕ್ಕ ಕಿವಿ ಮುಚಗೊಂಡೆ. ಆದ್ರ ಬಂದದ್ದು, "ಯೇಳಕೋಟ ಯೇಳಕೋಟ, ಜಯ ಮಲ್ಹಾರ!"

ಅವನ ಮನಿದೇವರೂ ಅದ! ನಾವು ಮೈಲಾರಲಿಂಗ ಅಂತೀವಿ, ಅವರು ಖಂಡೋಬಾ ಅಂತಾರ. ಛತ್ರಿ ಮೂಲಿಗೆ ಒಗದ, ಚಪ್ಪಲಿ ಬಿಟ್ಟು ಒಳಗ ಬಂದು ಕೈ ಮುಗದ. ಅತ್ತಿಯವರಿಗೆ ಮರಾಠಿ ಒಂದಕ್ಷರ ಬರೂದಿಲ್ಲ, ಆದ್ರೂ ಇದ ಕೆಲಸಕ್ಕ ಅವ ಬಂದಾನ ಅನ್ನೂವಂಗ ಅವನ ಹಣಿಗೂ ಭಂಡಾರ ಬಡದು, ಟೈಗರಿನ ಬಾಜೂಕ ಕೂಡ್ರಿಸಿ ರೊಟ್ಟಿ ಪಲ್ಯ ನೀಡಿದ್ರು. ಅವ ಕಣ್ಣು ಮುಚ್ಚಿ ತಿಂದ.

ನಾನು ಸೆರಗಿಲೆ ಕಣ್ಣೊರಿಸಿಕೊಂಡು, "ಶೇಟ್, ಹಂಗಾದ್ರ ಎಷ್ಟು ನಾಯಿ ಇರಬಹುದು?" ಅಂತ ಕೇಳಿದೆ.

"ಕಿತೀಹೀ!" ಅಂದ. ಎಷ್ಟರೆ ಇರಲಿ, ದೇವರ ನಾಯಿ ಎಣಿಸಬಾರದು.

ಎರಡನೇ ರೊಟ್ಟಿ ಹೊಟ್ಟಿಗೆ ಇಳದ ಮ್ಯಾಲ ಅವನೊಳಗಿನ ಮಾಲಕ ಎಚ್ಚರಾದ. ಖೋಲಿ ಸುತ್ತ ನೋಡಿ, ನಾಯಿಗೋಳಿಗೆ ಎಷ್ಟು ಅಡಚಣಿ ಆಗೇತಿ ಅಂತ ಮರುಗಿದ. ತಪ್ಪು ನಾಯಿಗೋಳದಲ್ಲಂತ, ಮನಶೇರದಂತ. "ಮಾಣಸಂ ತೀನ, ಬಸ್! ಮಂದಿ ಮೂರ ಸಾಕು. ನಾಲ್ಕನೇದು ಬಂದ್ರ ಖೋಲಿ ಖಾಲಿ." ಹಂಗಂದವನ ಕಣ್ಣು ಸೀದಾ ನನ್ನ ಹೊಟ್ಟಿ ಮ್ಯಾಲ ಬಂದು ನಿಂತ್ವು.

"ಏನಂತಾನೋ ಅವ?" ಅಂತ ಅತ್ತಿ ಮಗನ್ನ ಕೇಳಿದ್ರು. ಇವರು ಕನ್ನಡದಾಗ ಹೇಳಿದ್ರು. ಅತ್ತಿಯವರು ಒಂದು ಚಿಮಟಿ ಭಂಡಾರ ತಗೊಂಡು ಬಂದು ನನ್ನ ಹೊಟ್ಟಿಗೆ ಹಚ್ಚಿದ್ರು. "ಇದು ಮನಶೇರ ಲೆಕ್ಕದಾಗ ಬರಂಗಿಲ್ಲ ಅಂತ ಹೇಳು ಅವಗ. ಇದು ಮೈಲಾರಲಿಂಗ ಕೊಟ್ಟದ್ದು."

ಇವರು ತಮ್ಮ ಹರಕು ಮರಾಠಿಯೊಳಗ ಅದನ್ನ ಹೇಳಿದ್ರು. ಮಾಲಕ ಪೇಚಿಗೆ ಬಿದ್ದ. ಒಂದು ಕಡಿ ದೇವರು, ಒಂದು ಕಡಿ ತಾ ಆಡಿದ ಮಾತು. ಬದನಿಕಾಯಿ ಕೈಯಾಗ ಹಿಡಕೊಂಡ ಕಡೀಕ ಹೇಳಿದ, "ಠೀಕ ಆಹೆ. ಮಗ ತೇ ಕುತ್ರ್ಯಾಂತ ಧರಾ." ಆತು, ಹಂಗಾದ್ರ ಅದನ್ನ ನಾಯಿ ಲೆಕ್ಕದಾಗ ಹಿಡೀರಿ.

ಖೋಲಿ ಉಳೀತು. ಮಗಳು ಹುಟ್ಟಿದಳು. ಮಾಲಕ ಪೇಢೆ ತಿನ್ನಾಕ ಬಂದ, ಬಾಗಲದಾಗ ಕುಂತ ಪಾವ್ಯಾ, ಮೈಲಾರಿ, ಟೈಗರ್ ಮೂರಕ್ಕೂ ಕೈ ಮುಗದು, ತೊಟ್ಟಲದಾಗ ಬಗ್ಗಿ ನೋಡಿ, "ಚೌಥಂ ಛಾನ ಆಹೆ," ಅಂದ. ನಾಲ್ಕನೇದು ಚಂದ ಐತಿ.

ಅದು ನನ್ನ ಮೊದಲನೇ ಹೆರಿಗಿ.